ಅರ್ಧ ಡೋಸು, ಮೂವತ್ತನಾಲ್ಕು ಮೆಟ್ಟಿಲು

ತನ್ನ ಮೈಯಲ್ಲಿ ರಕ್ತ ಎಷ್ಟಿದೆ ಎಂದು ತಿಳಿಯಲು ಕತ್ತರಿ ಅಕ್ಕನಿಗೆ ಯಾವ ಲ್ಯಾಬಿನ ಚೀಟಿಯೂ ಬೇಕಿರಲಿಲ್ಲ. ಅವಳು ಕೆಲಸ ಮಾಡುತ್ತಿದ್ದ ಸಮವಸ್ತ್ರ ಹೊಲಿಯುವ ಕಾರ್ಖಾನೆಯ ಕತ್ತರಿಸುವ ಮೇಜು ಎರಡನೇ ಮಹಡಿಯಲ್ಲಿತ್ತು. ಅಲ್ಲಿಗೆ ಮೂವತ್ತನಾಲ್ಕು ಮೆಟ್ಟಿಲು. ಲಿಫ್ಟ್ ಇಲ್ಲ. ಬಟ್ಟೆಯ ಥಾನುಗಳನ್ನು ಹಗ್ಗ ಕಟ್ಟಿ ಕಿಟಕಿಯಿಂದ ಮೇಲಕ್ಕೆಳೆದುಕೊಳ್ಳುತ್ತಿದ್ದರು. ಮನುಷ್ಯರನ್ನು ಹಾಗೆ ಎಳೆಯುವ ಏರ್ಪಾಟು ಇನ್ನೂ ಆಗಿರಲಿಲ್ಲ. ಒಂದೇ ಉಸಿರಿಗೆ ಮೇಲೆ ಹೋಗಿ ಸೇರಿದರೆ ರಕ್ತ ಚೆನ್ನಾಗಿದೆ ಎಂದರ್ಥ. ತಿರುವಿನಲ್ಲಿ ನಿಂತು ಗೋಡೆ ಹಿಡಿದರೆ ಅಷ್ಟಕ್ಕಷ್ಟೆ.

ಮೂರು ವರ್ಷದ ಹಿಂದೆ ಅವಳ ಎರಡೂ ಕಿಡ್ನಿಗಳು ಕೈ ಕೊಟ್ಟ ಮೇಲೆ ಐದನೇ ಮೆಟ್ಟಿಲಿಗೇ ಕಣ್ಣು ಕತ್ತಲೆ ಬರುತ್ತಿತ್ತು. ಆಗ ಆಸ್ಪತ್ರೆಯ ಡಾಕ್ಟರು ಬಿಡಿಸಿ ಹೇಳಿದ್ದರು. ರಕ್ತ ಮಾಡು ಎಂದು ಮೈಗೆ ಹೇಳಿಕಳಿಸುವುದೂ ಕಿಡ್ನಿಯದೇ ಕೆಲಸ. ಅದು ಕೆಟ್ಟರೆ ಹೇಳಿಕಳಿಸುವವರೇ ಇಲ್ಲ. ಯಂತ್ರ ಕೊಳೆ ತೆಗೆಯುತ್ತದೆ, ಆದರೆ ರಕ್ತ ಹುಟ್ಟಿಸುವುದಿಲ್ಲ. ಅದಕ್ಕೆ ಬೇರೆಯೇ ಇಂಜೆಕ್ಷನ್ ಇದೆ. ವಾರಕ್ಕೆ ಮೂರು ಸಲ, ಡಯಾಲಿಸಿಸ್ ಮುಗಿಯುವ ಹೊತ್ತಿಗೆ, ಅದನ್ನು ಯಂತ್ರದ ನಳಿಗೆಯೊಳಕ್ಕೇ ಬಿಡುತ್ತಾರೆ. ನೋವು ಕೂಡ ಇಲ್ಲ.

ಮೂರು ತಿಂಗಳಲ್ಲಿ ಅವಳು ಮೇಜಿಗೆ ವಾಪಸು ಬಂದಳು. ನಲವತ್ತು ಪದರ ಬಟ್ಟೆ ಒಂದರ ಮೇಲೊಂದು ಹಾಸಿ, ಮೇಲಿನ ಪದರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಕರೆಂಟಿನ ಕತ್ತರಿಯನ್ನು ಗೆರೆ ತಪ್ಪದೆ ಓಡಿಸುವ ಕೆಲಸ ಅದು. ಕೈ ಒಂಚೂರು ಜಾರಿದರೆ ಒಂದಲ್ಲ, ನಲವತ್ತು ಅಂಗಿ ಹಾಳು. ಇಪ್ಪತ್ತಾರು ವರ್ಷದಲ್ಲಿ ಅವಳ ಕೈ ಜಾರಿರಲಿಲ್ಲ. ಕಾರ್ಖಾನೆಯಲ್ಲಿ ಯಾರಿಗೂ ಅವಳ ನಿಜವಾದ ಹೆಸರು ಬಾಯಿಗೆ ಬರುತ್ತಿರಲಿಲ್ಲ, ಹಾಜರಿ ಪುಸ್ತಕದಲ್ಲೂ ಯಾರೋ ಕತ್ತರಿ ಅಕ್ಕ ಎಂದೇ ಬರೆದಿದ್ದರು. ಆ ಮೇಜಿನ ಮುಂದೆ ನಿಂತಾಗ ತಾನು ರೋಗಿ ಎನ್ನುವುದೇ ಅವಳಿಗೆ ಮರೆತುಹೋಗುತ್ತಿತ್ತು. ಮೇಜು ಇದ್ದರೆ ತಾನಿದ್ದೇನೆ ಎಂದು ಅವಳು ನಂಬಿದ್ದಳು, ಹಾಗೆಂದು ಗಂಡನಿಗೆ ಎಷ್ಟೋ ಸಲ ಹೇಳಿದ್ದಳು ಕೂಡ.

ಇನ್ನು ಡಯಾಲಿಸಿಸ್ ಕೋಣೆ. ಅಲ್ಲಿ ಎಲ್ಲೂ ಬರೆದಿಡದ ಒಂದು ಪದ್ಧತಿ ಇತ್ತು. ಒಂದು ಸಲ ಯಾರೋ ಪುಣ್ಯಾತ್ಮ ಕುರ್ಚಿಯಲ್ಲಿ ಕೂತು "ಯಾಕೋ ಸುಸ್ತು" ಎಂದುಬಿಟ್ಟ. ಅಷ್ಟೇ. ಯಂತ್ರ ನಿಲ್ಲಿಸಿದರು, ಡಾಕ್ಟರನ್ನು ಕರೆಸಿದರು, ಎದೆಗೆ ತಂತಿ ಅಂಟಿಸಿದರು, ಮನೆಗೆ ಹೊರಟವನನ್ನು ಮೂರು ದಿನ ಹಾಸಿಗೆಯಲ್ಲಿ ಕೆಡವಿದರು. ಆವತ್ತಿನಿಂದ ಕುರ್ಚಿಯಲ್ಲಿ ಕೂತವರು ಬಾಯಿಗೆ ಬೀಗ ಹಾಕಿಕೊಂಡರು. ಹೊಸಬರು ಬಂದರೆ ಪಕ್ಕದ ಕುರ್ಚಿಯ ಲೆಕ್ಕದ ಮೇಷ್ಟ್ರು ಮೊದಲ ದಿನವೇ ಪಾಠ ಹೇಳಿಬಿಡುತ್ತಿದ್ದರು.

"ಇಲ್ಲಿ ಯಾರು ಏನು ಕೇಳಿದ್ರೂ ಉತ್ತರ ಒಂದೇ. ಚೆನ್ನಾಗಿದ್ದೀನಿ. ಪ್ರಶ್ನೆ ಬದಲಾಗಬಹುದು, ಉತ್ತರ ಬದಲಾಗಬಾರ್ದು."

ಅಕ್ಕ ಈ ಪಾಠವನ್ನು ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸಿದಳು, ಏಕೆಂದರೆ ಕೇಳುವವಳು ಅವಳ ನಾದಿನಿ. ಗಂಡನ ತಂಗಿ. ತಂದೆ ತಾಯಿ ಹೋದ ಮೇಲೆ ಹನ್ನೆರಡನೇ ವಯಸ್ಸಿಗೆ ಅಣ್ಣನ ಮನೆಗೆ ಬಂದವಳು. ಜಡೆ ಹಾಕಿ, ಜ್ವರಕ್ಕೆ ರಾತ್ರಿಯಿಡೀ ಎದ್ದು ಕೂತು, ನರ್ಸಿಂಗ್ ಶಾಲೆಗೆ ಸೇರಿಸಿದವಳು ಅಕ್ಕ. ಮೊದಲ ಸಮವಸ್ತ್ರವನ್ನು ತಾನೇ ಕತ್ತರಿಸಿ, ತಾನೇ ಹೊಲಿದು, "ನರ್ಸಿಗೆ ಕೈಗಿಂತ ಜೇಬು ಮುಖ್ಯ" ಎಂದು ನಗಾಡುತ್ತ ದೊಡ್ಡದೊಂದು ಜೇಬು ಇಟ್ಟಿದ್ದಳು. ಈಗ ನಾದಿನಿ ಡಯಾಲಿಸಿಸ್ ಕೋಣೆಯ ಮೇಲ್ವಿಚಾರಕಿ, ಈಗಲೂ ಅವಳ ಸಮವಸ್ತ್ರಗಳಿಗೆಲ್ಲ ಅಂಥದೇ ಜೇಬು. ಕುರ್ಚಿ ಹಿಂದಕ್ಕೆ ಬಾಗಿಸುವಾಗ ಬಿದ್ದು ಒಡೆಯುತ್ತದೆಂದು ಅಕ್ಕನ ಕನ್ನಡಕವನ್ನು ಪ್ರತಿಸಲ ಅವಳೇ ತೆಗೆದು ಆ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದಳು.

ಎಂಟು ತಿಂಗಳ ಹಿಂದಿನ ಒಂದು ಮಧ್ಯಾಹ್ನ, ಹಾಗೆ ಕನ್ನಡಕ ಜೇಬಿಗೆ ಸೇರಿದ ಮೇಲೆ, ನಾದಿನಿ ಒಂದು ಕಾಗದ ಹಿಡಿದು ಬಂದಳು.

"ಇಲ್ಲೊಂದು ಸಹಿ ಹಾಕಿ ಅತ್ತಿಗೆ. ತಿಂಗಳಿಗೊಂದ್ಸಲ ಹತ್ತು ಪ್ರಶ್ನೆ ಕೇಳ್ತೀವಿ, ಅಷ್ಟೇ."

"ಏನಂತೆ ಅದು?"

"ಆಸ್ಪತ್ರೆಯವರದ್ದು ಏನೋ ಇರತ್ತಲ್ಲ. ಎಲ್ರೂ ಹಾಕಿದಾರೆ."

ಒಂದು ಗುಂಡಿಮನೆಯನ್ನೂ ಎರಡು ಸಲ ಅಳೆಯದೆ ಕತ್ತರಿಸದ ಹೆಂಗಸು, ಒಂದಕ್ಷರ ಓದದೆ, ನಾದಿನಿ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದಳು. ಮನೆಯ ಮಗಳು ತೋರಿಸಿದ ಜಾಗದಲ್ಲಿ ಸಹಿ ಹಾಕಲು ಕನ್ನಡಕ ಯಾಕೆ ಬೇಕು?

ಮೊದಲ ನಾಲ್ಕು ತಿಂಗಳು ಎಲ್ಲ ಸರಿಯಿತ್ತು. ಒಂದು ಮಹಡಿ ಹತ್ತಲು ಕಷ್ಟವೇ? ಇಲ್ಲ. ಮನೆಕೆಲಸ ಮಾಡಲು ಸುಸ್ತಾಗುತ್ತದೆಯೇ? ಇಲ್ಲ. ಇದೆಲ್ಲ ನಿಜವೇ ಆಗಿತ್ತು. ಐದನೇ ತಿಂಗಳಲ್ಲಿ ಅಕ್ಕ ಮೊದಲ ಸಲ ತಿರುವಿನಲ್ಲಿ ನಿಂತಳು. ಆರನೇ ತಿಂಗಳಲ್ಲಿ ಇಪ್ಪತ್ತೆರಡನೇ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಹೊಲಿಗೆಯ ಹುಡುಗಿಯರು ಪಕ್ಕದಲ್ಲೇ ದಾಟಿಕೊಂಡು ಹೋದರು. ಕಾಲಿಗೆ ಏನೋ ಚುಚ್ಚಿತು ಎಂದು ನಟಿಸಿ ಚಪ್ಪಲಿ ಕಳಚಿ ನೋಡಿಕೊಂಡಳು. ಎದೆ ಒನಕೆ ಏಟಿನಂತೆ ಬಡಿಯುತ್ತಿತ್ತು. ಅದೇ ಮಧ್ಯಾಹ್ನ ಕುರ್ಚಿಯಲ್ಲಿ ಕೂತಾಗ ನಾದಿನಿ ಕೇಳಿದಳು, "ಹೋದ ತಿಂಗಳಿಗಿಂತ ಈಗ ಹೇಗಿದೀರಾ ಅತ್ತಿಗೆ?"

ಸುತ್ತ ಐದು ಕುರ್ಚಿಗಳ ಕಿವಿ ಇತ್ತಲೇ ಇತ್ತು. ಅಕ್ಕ ನಕ್ಕಳು.

"ಮೊದಲಿನ ಹಾಗೇ ಇದ್ದೀನಿ ಕಣೆ. ನಂಗೇನಾಗಿದೆ ಧಾಡಿ."

ನಾದಿನಿ ಬರೆದುಕೊಂಡಳು.

ಒಂದು ದಿನ ಮನೆಯಲ್ಲಿ ಮಾತ್ರ ಅಕ್ಕ ಬಾಯಿಬಿಟ್ಟು ಕೇಳಿದ್ದಳು. "ಇಂಜೆಕ್ಷನ್ ಮೊದಲಿನದೇ ಹಾಕ್ತೀಯ ತಾನೆ?"

"ಅದೇ ಇಂಜೆಕ್ಷನ್ನು ಅತ್ತಿಗೆ. ನಿಮ್ಮ ಹಿಮೋಗ್ಲೋಬಿನ್ ಗುರಿಯೊಳಗೇ ಇದೆ," ಎಂದಿದ್ದಳು ನಾದಿನಿ, ಈರುಳ್ಳಿ ಹೆಚ್ಚುತ್ತಿದ್ದ ಕೈ ನಿಲ್ಲಿಸದೆ.

ಹಾಗಾದರೆ ವಯಸ್ಸಾಯಿತು ಎಂದುಕೊಂಡಳು ಅಕ್ಕ. ಐವತ್ತೊಂದು ಏನು ಸಣ್ಣ ವಯಸ್ಸೇ? ಅನುಮಾನದ ಬದಲು ನಾದಿನಿಯ ಮೇಲೆ ಅವಳಿಗೆ ಪ್ರೀತಿ ಇನ್ನಷ್ಟು ಉಕ್ಕಿತು. ಏಕೆಂದರೆ ಒಗೆದ ಬಟ್ಟೆ ಒಣಗಲು ತಾರಸಿಗೆ ಒಯ್ಯಬೇಕು, ಅದಕ್ಕೆ ಹದಿನೆಂಟು ಮೆಟ್ಟಿಲು. ಆ ಕೆಲಸ ಯಾವಾಗಲೂ ಅಕ್ಕನದು. ಈಗ ನಾಲ್ಕು ತಿಂಗಳಿಂದ ಅವಳು ಬಕೆಟ್ ಎತ್ತುವ ಮೊದಲೇ ನಾದಿನಿ ಎಲ್ಲಿಂದಲೋ ಓಡಿ ಬರುತ್ತಿದ್ದಳು. "ಕೊಡಿ ಅತ್ತಿಗೆ, ನಾನೇ ಹೋಗ್ತೀನಿ." ಒಂದು ದಿನವೂ ತಪ್ಪಿಸಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಇಷ್ಟು ನೋಡಿಕೊಳ್ಳುತ್ತಿರಲಿಲ್ಲ ಎಂದು ಅಕ್ಕ ಗಂಡನ ಹತ್ತಿರ ಹೇಳಿಕೊಂಡು ಕಣ್ಣೊರೆಸಿಕೊಂಡಳು.

ಎಂಟನೇ ತಿಂಗಳಲ್ಲಿ ಕೈ ಜಾರಿತು. ಮೇಜಿನ ಅಂಚಿಗೆ ಹೊಟ್ಟೆ ಆನಿಸಿ ನಿಂತಿದ್ದವಳಿಗೆ ಒಂದು ಕ್ಷಣ ಗೆರೆ ಎರಡಾಗಿ ಕಂಡಿತು. ನಲವತ್ತು ಅಂಗಿಗಳ ಎಡತೋಳು ಅರ್ಧ ಇಂಚು ಗಿಡ್ಡ. ಕಾರ್ಖಾನೆಯ ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಅಕ್ಕಾ, ಸ್ವಲ್ಪ ದಿನ ಕೆಳಗಡೆ ಗುಂಡಿ ಹಾಕೋ ಕಡೆ ಕೂತ್ಕೊಳ್ಳಿ. ಈ ತಿಂಗಳ ಕೊನೆ ತನಕ ನಿಮ್ಮ ಮೇಜನ್ನ ಯಾರಿಗೂ ಕೊಡಲ್ಲ. ಅಷ್ಟರಲ್ಲಿ ಸುಧಾರಿಸಿಕೊಂಡು ಬಂದುಬಿಡಿ. ಆಮೇಲೆ ನನ್ನ ಕೈಲೂ ಆಗಲ್ಲ, ನೋಡಿ."

ತಿಂಗಳ ಕೊನೆಗೆ ಇಪ್ಪತ್ತು ದಿನ ಇತ್ತು.

ಹೀಗಿರುವಾಗ ಒಂದು ಸೋಮವಾರ ಮಧ್ಯಾಹ್ನ ಅಕ್ಕ ಆಸ್ಪತ್ರೆಯ ಓಣಿಯಲ್ಲಿ ತೂಕದ ಯಂತ್ರದ ಮುಂದೆ ಸಾಲಿನಲ್ಲಿ ನಿಂತಿದ್ದಳು. ಡಯಾಲಿಸಿಸ್‌ಗೆ ಮುಂಚೆ ಎಲ್ಲರೂ ತೂಗಿಸಿಕೊಳ್ಳಬೇಕು. ಕನ್ನಡಕ ಇನ್ನೂ ಕಣ್ಣಿನ ಮೇಲೆ ಇತ್ತು. ಎದುರಿನ ಗೋಡೆಗೆ ಹೊಸದೊಂದು ಭಿತ್ತಿಪತ್ರ ಅಂಟಿಸಿದ್ದರು, ಬಾಗಿಲಿನಷ್ಟು ದೊಡ್ಡದು. ಮೇಲೆ ದಪ್ಪಕ್ಷರದಲ್ಲಿ 'ಅರ್ಧ ಡೋಸಿನಲ್ಲಿ ಅಷ್ಟೇ ಆರೋಗ್ಯ' ಎಂದಿತ್ತು. ಅದರ ಕೆಳಗೆ ಪೂರ್ತಿ ಡೋಸಿಗೊಂದು, ಅರ್ಧ ಡೋಸಿಗೊಂದು, ಒಂದೇ ಎತ್ತರದ ಎರಡು ನೀಲಿ ಕಂಬಗಳು. ಡಾಕ್ಟರ ಹೆಸರಿನ ಕೆಳಗೆ ನಾದಿನಿಯ ಹೆಸರು. ಅಯ್ಯೋ, ನಮ್ಮವಳ ಹೆಸರು ಗೋಡೆಯ ಮೇಲೆ ಬಂದಿದೆ ಎಂದು ಅಕ್ಕ ಹಿಗ್ಗಿಹೋದಳು. ಆಮೇಲೆ ಕೆಳಗಿನ ಹಳದಿ ಚೌಕದೊಳಗಿನ ಸಾಲು ಓದಿದಳು.

'ಮೊದಲಿನ ಹಾಗೇ ಇದ್ದೀನಿ, ನನಗೇನಾಗಿದೆ ಧಾಡಿ: ಅರ್ಧ ಡೋಸಿನಲ್ಲಿರುವ ಒಬ್ಬ ಮಹಿಳೆ, 51 ವರ್ಷ, ಬಟ್ಟೆ ಕತ್ತರಿಸುವ ಕೆಲಸ.'

ಹಿಂದೆ ನಿಂತಿದ್ದ ಮೇಷ್ಟ್ರು ಆಗಲೇ ಪೂರ್ತಿ ಓದಿ ಮುಗಿಸಿದ್ದರು.

"ಮೇಷ್ಟ್ರೇ, ಇದೇನಿದು?" ಎಂದಳು ಅಕ್ಕ.

"ಲೆಕ್ಕ ಕಣಮ್ಮ. ಒಬ್ಬ ಮನುಷ್ಯ ಒಂದು ವರ್ಷ ನೆಮ್ಮದಿಯಾಗಿ ಬದುಕೋದಕ್ಕೆ ಎಷ್ಟು ಖರ್ಚಾಗತ್ತೆ ಅಂತ ನೋಡ್ತಾರೆ. ಮೊದಲ ನಾಲ್ಕು ತಿಂಗಳು ನಮ್ಗೆ ಆ ಇಂಜೆಕ್ಷನ್ ಪೂರ್ತಿ ಕೊಟ್ಟಿದಾರೆ. ಆಮೇಲೆ ಅರ್ಧ. ಗುರೀನೂ ಇಳಿಸಿದಾರೆ, ಮೊದಲು ಹನ್ನೊಂದು ಇತ್ತು, ಈಗ ಒಂಬತ್ತಿದ್ರೆ ಸಾಕು. ಖರ್ಚು ಅರ್ಧ ಆಯ್ತು, ನೆಮ್ಮದಿ ಅಷ್ಟೇ ಉಳೀತು. ಅಂದ್ಮೇಲೆ ಅರ್ಧವೇ ಸರಿ. ಲೆಕ್ಕದಲ್ಲಿ ತಪ್ಪಿಲ್ಲ."

"ನೆಮ್ಮದಿ ಅಷ್ಟೇ ಉಳೀತು ಅಂತ ಇವರಿಗೆ ಯಾರು ಹೇಳಿದ್ದು?"

ಮೇಷ್ಟ್ರು ನೆಲ ನೋಡಿದರು. "ನಾವೇ ಹೇಳಿದ್ವಲ್ಲಮ್ಮ."

ಅಷ್ಟರಲ್ಲಿ ಸರದಿ ಬಂತು, ತೂಕದ ಯಂತ್ರ ಹತ್ತಿದ ಅಕ್ಕನಿಗೆ ಕೂರಬೇಕು ಅನಿಸಿತು. ಆದರೆ ತೂಕದ ಯಂತ್ರದ ಮೇಲೆ ಕೂರುವುದಕ್ಕಾಗುತ್ತದೆಯೇ? ನಿಂತೇ ಇದ್ದಳು. ಗುರಿಯೊಳಗೇ ಇದೆ ಎಂದಿದ್ದಳಲ್ಲ ನಾದಿನಿ. ಗುರಿಯನ್ನೇ ಕಿತ್ತು ಕೆಳಗೆ ನೆಟ್ಟ ಮೇಲೆ ಯಾರು ತಾನೆ ಒಳಗಿರುವುದಿಲ್ಲ? ಅದೇ ಇಂಜೆಕ್ಷನ್ನು ಎಂದಿದ್ದಳು. ಅದೂ ಸುಳ್ಳಲ್ಲ. ಅದೇ ಇಂಜೆಕ್ಷನ್ನಿನ ಅರ್ಧ.

ಒಳಗೆ ನಾದಿನಿ ಎಂದಿನಂತೆ ಕುರ್ಚಿಯ ಪಕ್ಕಕ್ಕೆ ಬಂದು ಕನ್ನಡಕಕ್ಕೆ ಕೈ ಚಾಚಿದಳು.

"ಬೇಡ. ಕಣ್ಣ ಮೇಲೇ ಇರಲಿ," ಎಂದಳು ಅಕ್ಕ.

ನಾದಿನಿಗೆ ತಿಳಿಯಿತು. ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಸೂಜಿ ಚುಚ್ಚಿ, ನಳಿಗೆ ಜೋಡಿಸಿ, ಯಂತ್ರ ಚಾಲೂ ಮಾಡಿದಳು. ಆಮೇಲೆ ನಾದಿನಿ ಸ್ಟೂಲ್ ಎಳೆದು ಹತ್ತಿರ ಕೂತು, ತಗ್ಗಿದ ದನಿಯಲ್ಲಿ ಶುರು ಮಾಡಿದಳು.

"ಎಂಟು ಜನ ಬಾಗಿಲಲ್ಲಿ ಕಾಯ್ತಿದ್ರು ಅತ್ತಿಗೆ. ಕುರ್ಚಿ ಇರ್ಲಿಲ್ಲ. ಇಬ್ರು ಕಾಯ್ತಾ ಕಾಯ್ತಾ ಹೋಗಿಬಿಟ್ರು. ಇಂಜೆಕ್ಷನ್ನಲ್ಲಿ ಉಳಿದ ದುಡ್ಡಲ್ಲೇ ಹೊಸ ಮಷೀನು ಎರಡು ಬಂದಿದ್ದು. ಆ ಕಂಡಕ್ಟರ್ ನೋಡಿ."

ಕಿಟಕಿಯ ಪಕ್ಕದ ಹೊಸ ಕುರ್ಚಿಯಲ್ಲಿ ಬಸ್ ಕಂಡಕ್ಟರ್ ಬಾಯಿ ತೆರೆದು ನಿದ್ದೆ ಹೋಗಿದ್ದ. ಮೂರು ತಿಂಗಳಿಂದ ಬರುತ್ತಿದ್ದ, ಎಲ್ಲರನ್ನೂ ನಗಿಸುತ್ತಿದ್ದ. ಅವನನ್ನು ನೋಡಿ ಅಕ್ಕನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನನ್ನ ಒಂದು ಮಾತು ಕೇಳಬಹುದಿತ್ತಲ್ಲ."

"ಕೇಳಿದ್ರೆ ಒಪ್ಕೋತಿದ್ರಾ?"

ಅಕ್ಕ ಯೋಚಿಸಿದಳು. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. "ಇಲ್ಲ. ನಂಗೆ ನನ್ನ ಮೇಜು ಬೇಕಿತ್ತು."

"ಅದಕ್ಕೇ ಕೇಳ್ಲಿಲ್ಲ," ಎಂದಳು ನಾದಿನಿ.

ಇಷ್ಟು ಸಲೀಸಾಗಿ ಹೇಳಿದಳಲ್ಲ ಎಂದು ಅಕ್ಕನಿಗೆ ಸಿಟ್ಟು ಬಂತು. ಆದರೂ ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಲು ಅವಳು ಅರ್ಧ ಸಿದ್ಧಳಾಗಿದ್ದಳು. ಎಷ್ಟೆಂದರೂ ಸಾಕಿದ ಕೂಸು. ಆಸ್ಪತ್ರೆಯ ಒತ್ತಡ ಇರುತ್ತದೆ, ಬೇರೆಯವರ ಜೀವದ ಪ್ರಶ್ನೆ ಇದೆ. ಈಗಲೂ ಡೋಸು ಹೆಚ್ಚಿಸಿದರೆ ಮೇಜು ಉಳಿಯಬಹುದು. ಯಂತ್ರ ಬಿಚ್ಚಿದ ಮೇಲೆ ಡಾಕ್ಟರನ್ನು ಕಾಣಬೇಕು, ನೀನೂ ಬಾ ಎಂದಳು. ನಾದಿನಿ ಬಂದಳು.

ಡಾಕ್ಟರು ಒಳ್ಳೆಯವರೇ. ಅಕ್ಕನನ್ನು ಕೂರಿಸಿ, ಅವಳ ಎಂಟೂ ತಿಂಗಳ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡರು.

"ನೋಡಿಯಮ್ಮ, ಡೋಸು ಜಾಸ್ತಿ ಆದ್ರೆ ರಕ್ತ ಗಟ್ಟಿ ಆಗತ್ತೆ, ಪಾರ್ಶ್ವವಾಯು ಹೊಡೆಯೋ ಭಯ ಇರತ್ತೆ. ಸುಮ್ಮನೆ ದುಡ್ಡು ಉಳಿಸೋಕೆ ಅಂತ ಇಳಿಸಿದ್ದಲ್ಲ. ಆದ್ರೂ ನಿಜವಾಗಿ ತೊಂದರೆ ಇರೋರಿಗೆ ಸ್ವಲ್ಪ ಹೆಚ್ಚಿಸಬಹುದು, ನಮ್ಮ ನಿಯಮದಲ್ಲೇ ಇದೆ. ಆದ್ರೆ ನಿಮ್ಮ ಉತ್ತರ ನೋಡಿ. ಮೆಟ್ಟಿಲು ಹತ್ತಲು ಕಷ್ಟ ಇಲ್ಲ. ಸುಸ್ತಿಲ್ಲ. ಎಂಟೂ ಸಲ ಹೀಗೇ ಹೇಳಿದೀರಾ."

"ಅದು ಸುಮ್ಮನೆ ಹೇಳಿದ್ದು ಡಾಕ್ಟ್ರೆ. ಅಲ್ಲಿ ಎಲ್ರೂ ಹಾಗೇ ಹೇಳ್ತಾರೆ."

"ಸುಮ್ಮನೆ ಹೇಳಿದ್ದು ಯಾವುದು, ಈಗ ಹೇಳ್ತಿರೋದು ಯಾವುದು ಅಂತ ನಾನು ಹೇಗೆ ತೀರ್ಮಾನಿಸಲಿ?" ಡಾಕ್ಟರು ನಿಜವಾಗಿಯೂ ಗೊಂದಲದಿಂದಲೇ ಕೇಳಿದರು. ನಾದಿನಿಯ ಕಡೆ ತಿರುಗಿದರು. "ಸಿಸ್ಟರ್, ನೀವು ಇವರ ಜೊತೆ ಒಂದೇ ಮನೇಲಿ ಇರೋರು. ಇವರಿಗೆ ಮೆಟ್ಟಿಲು ಹತ್ತೋಕೆ ಕಷ್ಟ ಆಗ್ತಿತ್ತಾ? ನೀವು ಹೌದು ಅಂದ್ರೆ ಇವತ್ತೇ ಬದಲಾಯಿಸಿ ಬರೀತೀನಿ. ಈ ಹಾಳೆಗಳನ್ನೂ ತೆಗೆದು, ಲೆಕ್ಕ ಮತ್ತೆ ಮಾಡಿಸ್ತೀನಿ."

ಅಕ್ಕನಿಗೆ ಸಮಾಧಾನವಾಯಿತು. ಬಕೆಟ್ ನೆನಪಾಯಿತು. ನಾಲ್ಕು ತಿಂಗಳು, ದಿನಾ ಬೆಳಿಗ್ಗೆ, ಕೊಡಿ ಅತ್ತಿಗೆ ನಾನೇ ಹೋಗ್ತೀನಿ. ಇವಳಿಗೆ ಗೊತ್ತಿಲ್ಲದೆ ಮತ್ತಾರಿಗೆ ಗೊತ್ತು? ನಾದಿನಿ ಒಂದು ಮಾತು ಹೇಳಿದರೆ ಸಾಕಿತ್ತು.

ನಾದಿನಿ ಹಾಳೆಗಳನ್ನು ನೋಡಿದಳು. ಬಾಗಿಲ ಗಾಜಿನಾಚೆ ಭಿತ್ತಿಪತ್ರದ ಒಂದು ಅಂಚು ಕಾಣುತ್ತಿತ್ತು. ಅವಳ ಕೈ ಸಮವಸ್ತ್ರದ ಜೇಬಿನೊಳಕ್ಕೆ ಹೋಯಿತು, ಖಾಲಿ ಜೇಬಿನಲ್ಲಿ ಏನನ್ನೋ ಹುಡುಕಿತು.

"ನಂಗೆ ಹಾಗೇನೂ ಕಾಣ್ಲಿಲ್ಲ ಡಾಕ್ಟ್ರೆ," ಎಂದಳು.

ಅಕ್ಕ ಅವಳ ಮುಖವನ್ನೇ ನೋಡಿದಳು. ನಾದಿನಿ ತಿರುಗಿ ನೋಡಲಿಲ್ಲ. ಡಾಕ್ಟರು ಮುಂದಿನ ತಿಂಗಳ ಪ್ರಶ್ನೆಗಳಿಗೆ ನಿಜ ಹೇಳಿ, ಎರಡು ತಿಂಗಳು ಗಮನಿಸಿ ನೋಡೋಣ ಎಂದರು. ಎರಡು ತಿಂಗಳು. ಮೇಜಿಗೆ ಉಳಿದಿದ್ದು ಹನ್ನೆರಡು ದಿನ.

ಅರ್ಧ ಡೋಸನ್ನು ಅಕ್ಕ ಕ್ಷಮಿಸುತ್ತಿದ್ದಳು. ಸಹಿಯನ್ನೂ, ಗೋಡೆಯ ಮೇಲಿನ ತನ್ನ ಮಾತನ್ನೂ ಕ್ಷಮಿಸುತ್ತಿದ್ದಳೇನೋ. ಇದನ್ನು ಮಾತ್ರ ಹೇಗೆ ನುಂಗುವುದೆಂದು ಅವಳಿಗೆ ತಿಳಿಯಲಿಲ್ಲ. ಇಷ್ಟು ದಿನ ಅವಳು ಪ್ರೀತಿ ಎಂದುಕೊಂಡಿದ್ದು ಏನು? ತನ್ನ ಕಾಲು ಸೋಲುತ್ತಿರುವುದನ್ನು ಮೊದಲು ಕಂಡವಳು ನಾದಿನಿಯೇ. ಕಂಡಿದ್ದರಿಂದಲೇ ಬಕೆಟ್ ಎತ್ತಿದ್ದು. ಬೆಳಿಗ್ಗೆ ಮನೆಯಲ್ಲಿ ಬಕೆಟ್ ಎತ್ತಿ, ಮಧ್ಯಾಹ್ನ ಆಸ್ಪತ್ರೆಯಲ್ಲಿ 'ಕಷ್ಟ ಇಲ್ಲ' ಎಂದು ಬರೆದುಕೊಂಡಿದ್ದಳು. ಅವೆರಡು ಕೈಗಳೂ ಒಬ್ಬಳವೇ.

ಆ ಸಂಜೆ ಗಂಡ ತಾನು ಓಡಿಸುವ ವ್ಯಾನ್ ನಿಲ್ಲಿಸಿ ಒಳಬಂದ. ಇಬ್ಬರ ಮುಖವನ್ನೂ ನೋಡಿ, "ಏನಾಯ್ತು ನಿಮ್ಮಿಬ್ರಿಗೆ?" ಎಂದು ಕೇಳಿದ.

"ಏನಿಲ್ಲ. ಚೆನ್ನಾಗಿದ್ದೀನಿ," ಎಂದಳು ಅಕ್ಕ. ಹೇಳಿದ ಮೇಲೆ ಆ ಮಾತು ಅವಳಿಗೇ ಅಸಹ್ಯವೆನಿಸಿತು.

ತಿಂಗಳ ಕೊನೆಯ ದಿನ ಯಜಮಾನರು ಕೆಳಗೆ ಬಂದು, ಗುಂಡಿ ಹಾಕುತ್ತಿದ್ದವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತರು. ಮೇಜಿಗೆ ಹೊಸಬರು ಬಂದಾಗಿತ್ತು. ಅವಳ ಸೀಮೆಸುಣ್ಣದ ಡಬ್ಬಿ ಮತ್ತು ಅಳತೆ ಟೇಪನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಕೊಟ್ಟು ಹೋದರು. ಅಕ್ಕ ಆ ಪೊಟ್ಟಣವನ್ನು ಬಿಚ್ಚದೆ ಮಡಿಲಲ್ಲಿಟ್ಟುಕೊಂಡು ಅಂಗಿಗೆ ಏಳನೇ ಗುಂಡಿ ಹಾಕಿದಳು. ಆ ಅಂಗಿಗೆ ಇದ್ದದ್ದು ಆರೇ ಗುಂಡಿಮನೆ.

ಮರುದಿನ ಭಾನುವಾರ. ಬೆಳಿಗ್ಗೆ ಬಟ್ಟೆ ಒಗೆದು, ಹಿಂಡಿ, ಬಕೆಟ್ ತುಂಬಿದಳು. ಎಡಗೈಯಲ್ಲಿ ಸೂಜಿ ಚುಚ್ಚುವ ರಕ್ತನಾಳ, ಆ ಕೈಯಲ್ಲಿ ಭಾರ ಎತ್ತಬಾರದು. ಬಲಗೈಯಲ್ಲಿ ಹಿಡಿ ಹಿಡಿದು ಮೆಟ್ಟಿಲ ಬುಡಕ್ಕೆ ಬಂದಳು. ಸದ್ದು ಕೇಳಿ ನಾದಿನಿ ಒಳಗಿನಿಂದ ಓಡಿ ಬಂದಳು, ತಲೆ ಬಾಚುತ್ತಿದ್ದವಳು, ಬಾಚಣಿಗೆ ಕೂದಲಲ್ಲೇ ಸಿಕ್ಕಿಕೊಂಡಿತ್ತು.

"ಕೊಡಿ ಅತ್ತಿಗೆ, ನಾನೇ ಹೋಗ್ತೀನಿ."

ಕೈ ಚಾಚಿದಳು. ಅಕ್ಕ ಬಕೆಟ್ ಬಿಡಲಿಲ್ಲ.

"ಯಾಕೆ?" ಎಂದು ಕೇಳಿದಳು. ದನಿ ಏರಿಸಲಿಲ್ಲ. "ನಂಗೆ ಹತ್ತೋಕೆ ಕಷ್ಟ ಅಂತ ನಿಂಗೇನೂ ಕಾಣ್ಲಿಲ್ವಲ್ಲ."

ನಾದಿನಿ ಗೋಡೆಗೆ ಸರಿದು ದಾರಿ ಬಿಟ್ಟಳು. ಅಕ್ಕ ಹತ್ತತೊಡಗಿದಳು. ಐದಕ್ಕೆ ನಿಂತಳು. ಬಕೆಟ್ ಮೆಟ್ಟಿಲ ಮೇಲಿಟ್ಟು ಉಸಿರು ತೆಗೆದುಕೊಂಡಳು. ಮತ್ತೆ ಎತ್ತಿ ಹತ್ತಕ್ಕೆ ಹೋದಳು, ಕೂತಳು. ಕೆಳಗಿನಿಂದ ಅಳುವಿನ ಸದ್ದು ಕೇಳಿತು. ಹಿಂದೆ ಯಾವಾಗಲಾದರೂ ಆಗಿದ್ದರೆ ಆ ಅಳುವಿಗೆ ಅವಳು ಎಲ್ಲ ಬಿಟ್ಟು ಇಳಿದು ಬರುತ್ತಿದ್ದಳು.

ಉಳಿದ ಎಂಟು ಮೆಟ್ಟಿಲನ್ನೂ ಅವಳೇ ಹತ್ತಿದಳು, ಇನ್ನೆರಡು ಸಲ ಕೂತು. ಮೇಲೆ ಹೋಗಿ ತಂತಿಗೆ ಮೊದಲು ನಾದಿನಿಯ ಸಮವಸ್ತ್ರವನ್ನೇ ಹರವಿದಳು. ಜೇಬು ಒದ್ದೆಯಾಗಿ ಜೋತುಬಿದ್ದಿತ್ತು. ಅದನ್ನು ಒಳಮಗ್ಗುಲಿಗೆ ತಿರುವಿ ಬಿಸಿಲಿಗೆ ಹಾಕಿದಳು, ಇಲ್ಲದಿದ್ದರೆ ಹೊಲಿಗೆ ಒಣಗುವುದಿಲ್ಲ.